ಬೋರ್‌ವೆಲ್ ನೀರಿನ ಈಜುಕೊಳದಲ್ಲಿ ಕ್ಲೋರಿನ್ ಹದ

ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ, ಹೊಸದಾಗಿ ನೀರು ತುಂಬಿಸಿದ ಕೊಳಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಹೈಪೋ (ದ್ರವ ಕ್ಲೋರಿನ್) ಸುರಿದರೆ ಊಟದ ಹೊತ್ತಿಗೆ ಅದರ ಸುಳಿವೇ ಇರುವುದಿಲ್ಲ. ಸ್ಟೆಬಿಲೈಸರ್, ಅಂದರೆ ಬಿಸಿಲಿನಿಂದ ಕಾಪಾಡುವ ವಸ್ತು, ಇಲ್ಲದ ಕ್ಲೋರಿನ್ ಬಿರುಬಿಸಿಲಿಗೆ ಹೆಚ್ಚು ಕಡಿಮೆ ಮುಕ್ಕಾಲು ಗಂಟೆಗೊಮ್ಮೆ ಅರ್ಧಕ್ಕರ್ಧ ಕಳೆದುಹೋಗುತ್ತದೆ. ಇದನ್ನು ನೋಡಿ ಬೇಸತ್ತವರು ಟಿಸಿಸಿಎ, ಅಂದರೆ ಸ್ಟೆಬಿಲೈಸರ್ ಸೇರಿಯೇ ಬರುವ ಕ್ಲೋರಿನ್ ಮಾತ್ರೆಗೆ ಹೊರಳುತ್ತಾರೆ. ಮೂರು ತಿಂಗಳು ಎಲ್ಲ ಸರಿಯಾಗೇ ನಡೆಯುತ್ತದೆ. ನಾಲ್ಕನೇ ತಿಂಗಳು ಟೆಸ್ಟ್ ಕಿಟ್‌ನಲ್ಲಿ ಕ್ಲೋರಿನ್ 3 ಪಿಪಿಎಂ (ಸಾವಿರ ಲೀಟರ್‌ಗೆ 3 ಗ್ರಾಂ) ಕಾಣಿಸುತ್ತಿದ್ದರೂ ಮೂಲೆಗಳಲ್ಲಿ ಪಾಚಿ ಕಟ್ಟತೊಡಗುತ್ತದೆ, ನೀರು ಮಂಕಾಗುತ್ತದೆ. ಆಗ ಸಿಗುವ ಸಲಹೆ ಒಂದೇ: ಅರ್ಧ ನೀರು ಹೊರಗೆ ಬಿಡಿ.

ಬೇಸಿಗೆಯಲ್ಲಿ ಇಪ್ಪತ್ತು ಸಾವಿರ ಲೀಟರ್ ನೀರು ಚರಂಡಿಗೆ ಬಿಡುವುದು ನಮ್ಮ ಸೀಮೆಯಲ್ಲಿ ಯಾರ ಮನಸ್ಸೂ ಒಪ್ಪುವ ಮಾತಲ್ಲ. ಪಕ್ಕದ ತೋಟದಲ್ಲಿ ಬೋರ್ ಬತ್ತಿ ಅಡಿಕೆ ಗಿಡಕ್ಕೆ ಟ್ಯಾಂಕರ್ ನೀರು ಹೊಡೆಸುತ್ತಿರುವಾಗ ಅದು ಸರಿಯೂ ಅಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಒಂದೇ ಗುರಿ ಇಟ್ಟುಕೊಂಡು: ಒಮ್ಮೆ ತುಂಬಿಸಿದ ನೀರನ್ನು ಚೆಲ್ಲದೆ ಕ್ಲೋರಿನ್ ಹದದಲ್ಲಿಡುವುದು.

ಮೊದಲು ನೀರಿನ ಲೆಕ್ಕ

ಕೊಳದಲ್ಲಿ ಎಷ್ಟು ಲೀಟರ್ ನೀರಿದೆ ಎಂದು ಗೊತ್ತಿಲ್ಲದೆ ಹಾಕುವ ಕ್ಲೋರಿನ್ ಬರೀ ಅಂದಾಜು. ಉದ್ದ, ಅಗಲ, ಸರಾಸರಿ ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿ. 24 ಅಡಿ ಉದ್ದ, 12 ಅಡಿ ಅಗಲ, ಒಂದು ತುದಿ 4 ಅಡಿ, ಇನ್ನೊಂದು ತುದಿ 6 ಅಡಿ ಎಂದರೆ ಸರಾಸರಿ ಆಳ 5 ಅಡಿ. 1,440 ಘನ ಅಡಿ, ಅಂದರೆ ಸುಮಾರು 40,000 ಲೀಟರ್. ಮುಂದಿನ ಲೆಕ್ಕಗಳೆಲ್ಲ ಈ 40,000 ಲೀಟರ್ ಕೊಳಕ್ಕೇ. ನಿಮ್ಮದು ಇಪ್ಪತ್ತು ಸಾವಿರದ್ದಾದರೆ ಎಲ್ಲವನ್ನೂ ಅರ್ಧ ಮಾಡಿಕೊಳ್ಳಿ. ಫಾರಂ ಹೌಸ್‌ಗಳಲ್ಲಿ ತೊಟ್ಟಿಯನ್ನೇ ಕೊಳ ಮಾಡಿಕೊಂಡವರು ನೀರಿನ ಮಟ್ಟದಿಂದ ಅಳೆಯಬೇಕು, ಗೋಡೆಯ ಎತ್ತರದಿಂದ ಅಲ್ಲ.

ಒಂದು ಪಿಪಿಎಂ ಎಂದರೆ ಸಾವಿರ ಲೀಟರ್‌ಗೆ ಒಂದು ಗ್ರಾಂ. ಹಾಗಾಗಿ ನಮ್ಮ ಕೊಳದಲ್ಲಿ ಕ್ಲೋರಿನ್ ಮಟ್ಟ 1 ಪಿಪಿಎಂ ಏರಬೇಕಾದರೆ 40 ಗ್ರಾಂ ಶುದ್ಧ ಕ್ಲೋರಿನ್ ಬೇಕು. ಅಂಗಡಿಯಲ್ಲಿ ಶುದ್ಧ ಕ್ಲೋರಿನ್ ಸಿಗುವುದಿಲ್ಲ, ಅದನ್ನು ಹೊತ್ತಿರುವ ಬೇರೆ ಬೇರೆ ವಸ್ತುಗಳು ಸಿಗುತ್ತವೆ. ಶೇ 10ರ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಕ್ಯಾನ್‌ನಲ್ಲಿ ಬರುವ ಹೈಪೋ, 400 ಎಂಎಲ್ ಬೇಕು. ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು 62 ಗ್ರಾಂ. ಟಿಸಿಸಿಎ 90 ಆದರೆ 44 ಗ್ರಾಂ. ಗ್ರಾಮ ಪಂಚಾಯಿತಿಯವರು ಓವರ್‌ಹೆಡ್ ಟ್ಯಾಂಕ್‌ಗೆ ಹಾಕುವ ಬ್ಲೀಚಿಂಗ್ ಪೌಡರ್ ಹೊಸದಾಗಿದ್ದರೆ ಸುಮಾರು 120 ಗ್ರಾಂ. ಆದರೆ ಅದರಲ್ಲಿ ಬಹುಪಾಲು ಸುಣ್ಣ. ತಳದಲ್ಲಿ ಬಿಳಿ ಗಸಿ ಕೂರುತ್ತದೆ, ಫಿಲ್ಟರ್ ಮರಳು ಗಟ್ಟಿಯಾಗುತ್ತದೆ. ಕೊಳಕ್ಕೆ ಅದು ಬೇಡ.

ಹಗೇವಿನಲ್ಲಿಟ್ಟ ಜೋಳ

ಬಿಸಿಲಿನಿಂದ ಕ್ಲೋರಿನ್ ಅನ್ನು ಕಾಪಾಡುವುದು ಸಯನ್ಯೂರಿಕ್ ಆಸಿಡ್. ಸ್ಟೆಬಿಲೈಸರ್, ಕಂಡೀಷನರ್, ಸಿವೈಎ ಎಂದೆಲ್ಲ ಕರೆಯುವುದು ಇದನ್ನೇ. ಇದು ಕ್ಲೋರಿನ್ ಅನ್ನು ಹಿಡಿದಿಟ್ಟುಕೊಂಡು, ನೀರಿನಲ್ಲಿ ಖರ್ಚಾದ ಹಾಗೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಹಗೇವಿನಲ್ಲಿಟ್ಟ ಜೋಳದ ಹಾಗೆ: ಹಾಳಾಗುವುದಿಲ್ಲ, ಆದರೆ ಹೊರಗೆ ತೆಗೆದಷ್ಟೇ ಅಡುಗೆಗೆ. ಟೆಸ್ಟ್ ಕಿಟ್ ಹಗೇವಿನಲ್ಲಿರುವುದನ್ನೂ ಹೊರಗಿರುವುದನ್ನೂ ಸೇರಿಸಿಯೇ ತೋರಿಸುತ್ತದೆ. ಸಿವೈಎ ವಿಪರೀತವಾದಾಗ ಕಿಟ್‌ನಲ್ಲಿ 3 ಪಿಪಿಎಂ ಕಂಡರೂ ಪಾಚಿ ಕಟ್ಟುವುದಕ್ಕೆ ಕಾರಣ ಇದು. ಕ್ಲೋರಿನ್ ಇದೆ, ಕೆಲಸಕ್ಕೆ ಸಿಗುತ್ತಿಲ್ಲ.

ನಮ್ಮ ಬಿಸಿಲಿಗೆ ಸಿವೈಎ 30ರಿಂದ 50 ಪಿಪಿಎಂ ಇದ್ದರೆ ಸರಿ. ನಮ್ಮ ಸಲಹೆ 40. ಅದಕ್ಕೆ ತಕ್ಕಂತೆ ಮುಕ್ತ ಕ್ಲೋರಿನ್ (ಬೆವರು, ಕೊಳೆಯ ಜೊತೆ ಸೇರಿ ಕೆಲಸ ಕೆಟ್ಟಿರದ ಕ್ಲೋರಿನ್) ಸರಾಸರಿ ಸಿವೈಎಯ ಶೇ 7.5ರಷ್ಟಿರಬೇಕು, ಎಂದರೆ 40ಕ್ಕೆ 3 ಪಿಪಿಎಂ. ಎಂಥ ದಿನವೂ 2ಕ್ಕಿಂತ ಕೆಳಗೆ ಇಳಿಯಬಾರದು. ಸಿವೈಎ 100 ಆದರೆ ಇದೇ ಲೆಕ್ಕದಲ್ಲಿ 7ರಿಂದ 8 ಪಿಪಿಎಂ ಬೇಕು, ದಿನಾ ಅಷ್ಟನ್ನು ಉಳಿಸಿಕೊಳ್ಳುವುದು ಖರ್ಚಿನ ಬಾಬತ್ತು.

ಸಿವೈಎ ಆವಿಯಾಗುವುದಿಲ್ಲ, ಮನೆ ಕೊಳದಲ್ಲಿ ಸುಲಭಕ್ಕೆ ಒಡೆದು ಹೋಗುವುದೂ ಇಲ್ಲ. ಒಮ್ಮೆ ಸೇರಿದ್ದು ನೀರು ಹೊರಗೆ ಹೋದರೆ ಮಾತ್ರ ಹೋಗುತ್ತದೆ. ಟಿಸಿಸಿಎ ಮಾತ್ರೆಯ ಕತೆ ಇಲ್ಲೇ ಇದೆ. ಮಾತ್ರೆಯಿಂದ ಬರುವ ಪ್ರತಿ 1 ಪಿಪಿಎಂ ಕ್ಲೋರಿನ್ ಜೊತೆ 0.6 ಪಿಪಿಎಂ ಸಿವೈಎ ಬರುತ್ತದೆ. ದಿನಕ್ಕೆ 2 ಪಿಪಿಎಂ ಖರ್ಚಾಗುವ ಕೊಳದಲ್ಲಿ ತಿಂಗಳಿಗೆ 60 ಪಿಪಿಎಂ ಕ್ಲೋರಿನ್, ಅದರ ಬೆನ್ನಿಗೆ 36 ಪಿಪಿಎಂ ಸಿವೈಎ. ಯುಗಾದಿಗೆ ಶುರು ಮಾಡಿದವರ ಕೊಳ ಮುಂಗಾರು ಹಿಡಿಯುವಷ್ಟರಲ್ಲಿ ನೂರು ದಾಟುತ್ತದೆ. ಪುಡಿ ರೂಪದ ಎಸ್‌ಡಿಐಸಿ ಎಂಬ ಕ್ಲೋರಿನ್‌ನಲ್ಲಿ ಇನ್ನೂ ಜಾಸ್ತಿ: 1 ಪಿಪಿಎಂಗೆ 0.9.

ಹಾಗಂತ ಮಾತ್ರೆ ಕೆಟ್ಟದ್ದಲ್ಲ. ಹೊಸ ನೀರಿಗೆ ಸಿವೈಎ ಹೇಗಿದ್ದರೂ ಬೇಕು. 200 ಗ್ರಾಂನ ಒಂದು ಟಿಸಿಸಿಎ ಮಾತ್ರೆ 40,000 ಲೀಟರ್‌ಗೆ 4.5 ಪಿಪಿಎಂ ಕ್ಲೋರಿನ್ ಮತ್ತು 2.7 ಪಿಪಿಎಂ ಸಿವೈಎ ಕೊಡುತ್ತದೆ. ಅಂದರೆ ಹದಿನೈದು ಮಾತ್ರೆ ಕರಗಿದಾಗ ಸಿವೈಎ 40 ಮುಟ್ಟಿರುತ್ತದೆ. ಡಬ್ಬಿಯ ಮೇಲೆ ಪೆನ್ನಿನಲ್ಲಿ ಗೀಟು ಹಾಕುತ್ತ ಬನ್ನಿ. ಹದಿನೈದನೇ ಗೀಟಿಗೆ ಡಬ್ಬಿ ಮುಚ್ಚಿಟ್ಟು ಹೈಪೋಗೆ ಬದಲಾಯಿಸಿ. ಮಾತ್ರೆಯನ್ನು ತೇಲುವ ಡಬ್ಬಿಯಲ್ಲೇ ಇಡಬೇಕು, ನೇರ ನೀರಿಗೆ ಎಸೆಯಬಾರದು. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 3. ಬಿದ್ದ ಜಾಗದ ಗ್ರೌಟ್ (ಟೈಲ್ಸ್ ಸಂದಿನ ಸಿಮೆಂಟ್) ಬೆಳ್ಳಗಾಗಿ ಉದುರುತ್ತದೆ. ನೀರಿನ ಮೇಲಿನ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿಟ್ಟು ಪಂಪ್ ಆಫ್ ಮಾಡಿದರೆ ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ಆಸಿಡ್ ಆಗಿ, ಬೆಳಿಗ್ಗೆ ಪಂಪ್ ಹಾಕಿದ ತಕ್ಷಣ ಸೀಲ್ ಮೂಲಕ ಹಾದುಹೋಗುತ್ತದೆ. ಮೂರು ಫೇಸ್ ಕರೆಂಟ್ ಯಾವಾಗ ಹೋಗುತ್ತದೆಂದು ಗೊತ್ತಿಲ್ಲದ ತೋಟದ ಮನೆಗಳಲ್ಲಿ ಇದನ್ನು ಮರೆಯಬಾರದು.

ಮೊದಲ ದಿನದಿಂದಲೇ ರಕ್ಷಣೆ ಬೇಕೆನ್ನುವವರು ಸ್ಟೆಬಿಲೈಸರ್ ಪುಡಿಯನ್ನೇ ಹಾಕಬಹುದು: 30 ಪಿಪಿಎಂಗೆ 1.2 ಕೆ.ಜಿ. ಅದು ಸಕ್ಕರೆಯ ಹಾಗೆ ಕರಗುವ ವಸ್ತುವಲ್ಲ. ಹಳೆಯ ಕಾಲುಚೀಲಕ್ಕೆ ತುಂಬಿ, ನೀರು ಮರಳಿ ಬರುವ ಕೊಳವೆಯ (ರಿಟರ್ನ್ ನಳಿಕೆ) ಮುಂದೆ ನೇತುಹಾಕಿ, ಆಗಾಗ ಹಿಂಡಿ. ಪೂರ್ತಿ ಕರಗಿ ಕಿಟ್‌ನಲ್ಲಿ ಕಾಣಿಸಲು ಒಂದು ವಾರ ಹಿಡಿಯಬಹುದು. ಆ ವಾರ ಬ್ಯಾಕ್‌ವಾಶ್ (ಹಿಮ್ಮುಖ ನೀರು ಹಾಯಿಸಿ ಫಿಲ್ಟರ್ ತೊಳೆಯುವುದು) ಮಾಡಬೇಡಿ, ಕರಗದ ಪುಡಿ ಹೊರಗೆ ಹೋಗುತ್ತದೆ.

ಯಾವ ಕ್ಲೋರಿನ್, ಯಾಕೆ

ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಇಡಲು ಸುಲಭ, ಬೇಗ ಸತ್ವ ಕಳೆದುಕೊಳ್ಳುವುದಿಲ್ಲ. ಆದರೆ ಪ್ರತಿ 1 ಪಿಪಿಎಂ ಕ್ಲೋರಿನ್‌ಗೆ 0.7 ಪಿಪಿಎಂ ಗಡಸುತನ ಸೇರಿಸುತ್ತದೆ. ಭದ್ರಾ ನಾಲೆಯ ನೀರಾಗಲಿ, ನಗರದ ನಲ್ಲಿ ನೀರಾಗಲಿ ತುಂಬಿಸುವವರಿಗೆ ಇದು ತೊಂದರೆಯಲ್ಲ. ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಕಡೆಯ ಬೋರ್ ನೀರಿನ ಸ್ವಭಾವ ಬೇರೆ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಚಕ್ಕೆ ನೋಡಿದರೆ ಸಾಕು, ಲ್ಯಾಬ್ ರಿಪೋರ್ಟ್ ಬೇಡ. ಅಂಥ ನೀರಿಗೆ ಹರಳಿನ ಕ್ಲೋರಿನ್ ಹಾಕುವುದೆಂದರೆ ಸುಣ್ಣದ ಮೇಲೆ ಸುಣ್ಣ.

ಹಾಗಾಗಿ ಬೋರ್ ನೀರಿನವರಿಗೆ ದಿನನಿತ್ಯಕ್ಕೆ ದ್ರವ ಹೈಪೋ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಗಡಸುತನವನ್ನೂ ಸಿವೈಎಯನ್ನೂ ಏರಿಸುವುದಿಲ್ಲ, ಸ್ವಲ್ಪ ಉಪ್ಪು ಮಾತ್ರ ಉಳಿಸಿ ಹೋಗುತ್ತದೆ. ಅದರ ಒಂದೇ ದೋಷ, ಬಿಸಿಗೆ ಸತ್ವ ಇಳಿಯುವುದು. ತಗಡಿನ ಶೆಡ್ಡಿನಲ್ಲಿ ಇಟ್ಟ ಕ್ಯಾನ್ ಬಿರುಬೇಸಿಗೆಯ ಒಂದೆರಡು ತಿಂಗಳಲ್ಲಿ ಅರ್ಧ ಬಲಕ್ಕೆ ಬಂದುಬಿಡಬಹುದು. ಕ್ಯಾನ್ ಮೇಲೆ ಶೇ 10 ಎಂದು ಬರೆದಿರುತ್ತದೆ, ಒಳಗೆ ಇರುವುದು ಶೇ 5. ಎರಡು ವಾರಕ್ಕೆ ಆಗುವಷ್ಟೇ ತಂದು, ನೆರಳಲ್ಲಿ, ನೆಲದ ಮೇಲೆ ಇಡಿ.

ಬಲ ಪರೀಕ್ಷಿಸಲು ಸುಲಭ ಉಪಾಯವಿದೆ. 20 ಲೀಟರ್ ಬಕೆಟ್‌ಗೆ ಫಿಲ್ಟರ್‌ನ ಕುಡಿಯುವ ನೀರು ತುಂಬಿ. ಒಂದು ಎಂಎಲ್‌ನ ಸೂಜಿಯಿಲ್ಲದ ಸಿರಿಂಜಿನಿಂದ ಸರಿಯಾಗಿ ಅರ್ಧ ಎಂಎಲ್ ಹೈಪೋ ಹಾಕಿ, ಶುಭ್ರ ಕೋಲಿನಿಂದ ಕಲಕಿ. ಐದು ನಿಮಿಷದ ನಂತರ ಕ್ಲೋರಿನ್ ಅಳೆಯಿರಿ. 2.5 ಪಿಪಿಎಂ ಬಂದರೆ ಶೇ 10ರ ಮಾಲು. 1.25ರ ಆಸುಪಾಸು ಬಂದರೆ ಶೇ 5ರದ್ದು, ಪ್ರಮಾಣ ಎರಡು ಪಟ್ಟು ಮಾಡಿಕೊಳ್ಳಿ. ಪ್ರತಿ ಹೊಸ ಕ್ಯಾನ್‌ಗೂ ಇದನ್ನು ಮಾಡುವುದು ಐದಾರು ನಿಮಿಷದ ಕೆಲಸ, ಉಳಿಸುವುದು ವಾರಗಟ್ಟಲೆ ಗೊಂದಲ.

ಪಿಎಚ್, ಮತ್ತು ಬೋರ್ ನೀರಿನ ಹಠ

ಕ್ಲೋರಿನ್ ನೀರಿಗೆ ಬಿದ್ದ ಮೇಲೆ ಎರಡು ರೂಪದಲ್ಲಿರುತ್ತದೆ. ರೋಗಾಣು ಕೊಲ್ಲುವ ಚುರುಕಿನ ರೂಪ ಹೈಪೋಕ್ಲೋರಸ್ ಆಸಿಡ್. ಇನ್ನೊಂದು, ಬಹಳ ನಿಧಾನದ ಹೈಪೋಕ್ಲೋರೈಟ್. ಯಾವುದು ಎಷ್ಟು ಎನ್ನುವುದನ್ನು ಪಿಎಚ್ ತೀರ್ಮಾನಿಸುತ್ತದೆ. 7.2ರಲ್ಲಿ ಚುರುಕಿನದ್ದು ಮೂರರಲ್ಲಿ ಎರಡು ಪಾಲು, 7.5ರಲ್ಲಿ ಅರ್ಧ, 8ರಲ್ಲಿ ಕಾಲು ಭಾಗ. ಸಿವೈಎ ಇದ್ದಾಗ ಈ ಏರಿಳಿತ ಸ್ವಲ್ಪ ಮೆತ್ತಗಾಗುತ್ತದೆ, ಆದರೂ ದಿಕ್ಕು ಅದೇ. 7.2ರಿಂದ 7.6ರ ನಡುವೆ ಇಟ್ಟರೆ ಕಣ್ಣೂ ಉರಿಯುವುದಿಲ್ಲ, ಸುಣ್ಣವೂ ಕಟ್ಟುವುದಿಲ್ಲ. ಗಡಸು ನೀರಿನವರು 7.2ರಿಂದ 7.4ಕ್ಕೇ ಅಂಟಿಕೊಳ್ಳುವುದು ಒಳ್ಳೆಯದು.

ಬೋರ್ ನೀರಿನ ಕೊಳದಲ್ಲಿ ಇವತ್ತು ಆಸಿಡ್ ಹಾಕಿ 7.3ಕ್ಕೆ ಇಳಿಸಿದರೆ ಮೂರು ದಿನಕ್ಕೆ ಮತ್ತೆ 8. ಇದರ ಹಿಂದಿರುವುದು ಕ್ಷಾರೀಯತೆ. ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್ ಹೆಚ್ಚಿದ್ದಷ್ಟೂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರುತ್ತಾ ಪಿಎಚ್ ಅನ್ನು ಮೇಲಕ್ಕೆ ಎಳೆಯುತ್ತದೆ. ಕ್ಷಾರೀಯತೆ 80ರಿಂದ 120 ಪಿಪಿಎಂ ಇರಬೇಕು, ದ್ರವ ಹೈಪೋ ಬಳಸುವವರಿಗೆ 80ರ ಕಡೆಗೇ ಇದ್ದರೆ ಚೆನ್ನ. ಬೋರ್ ನೀರು 300 ಇದ್ದರೆ ಅಚ್ಚರಿಪಡಬೇಕಿಲ್ಲ.

ಇಳಿಸಲು ಹೈಡ್ರೋಕ್ಲೋರಿಕ್ ಆಸಿಡ್ಡೇ ಸಾಕು. ಶೇ 30ರಿಂದ 33ರದ್ದಾದರೆ 10 ಪಿಪಿಎಂ ಇಳಿಸಲು ನಮ್ಮ ಕೊಳಕ್ಕೆ ಸುಮಾರು 800 ಎಂಎಲ್. 300ರಿಂದ 100ಕ್ಕೆ ತರಲು ಒಟ್ಟು 16 ಲೀಟರ್ ಬೇಕಾಗುತ್ತದೆ. ಅದನ್ನು ಒಂದೇ ದಿನ ಸುರಿದರೆ ಪಿಎಚ್ 5ಕ್ಕೋ 6ಕ್ಕೋ ಕುಸಿದು ಪ್ಲಾಸ್ಟರನ್ನೂ ಪಂಪಿನ ಲೋಹವನ್ನೂ ತಿನ್ನುತ್ತದೆ. ಸಲಕ್ಕೆ ಒಂದರಿಂದ ಒಂದೂವರೆ ಲೀಟರ್ ಹಾಕಿ, ಪಿಎಚ್ 7.2ರ ಹತ್ತಿರ ತನ್ನಿ. ನಂತರ ರಿಟರ್ನ್ ನಳಿಕೆಗಳನ್ನು ಮೇಲ್ಮುಖ ಮಾಡಿ ನೀರು ಚಿಮ್ಮುವಂತೆ ಪಂಪ್ ಓಡಿಸಿ. ಗಾಳಿ ಬೆರೆತು ಪಿಎಚ್ ತಾನಾಗಿ 7.8ರವರೆಗೆ ಏರುತ್ತದೆ, ಕ್ಷಾರೀಯತೆ ಮಾತ್ರ ಇಳಿದ ಜಾಗದಲ್ಲೇ ನಿಲ್ಲುತ್ತದೆ. ಮತ್ತೆ ಆಸಿಡ್, ಮತ್ತೆ ಗಾಳಿ. ಹತ್ತು ಹನ್ನೆರಡು ದಿನದ ಕೆಲಸ, ತಾಳ್ಮೆ ಬೇಕು. ನಂತರದ ಇಡೀ ವರ್ಷ ಪಿಎಚ್ ಮಾತು ಕೇಳುತ್ತದೆ.

ಆಸಿಡ್ ಹಾಕುವಾಗ ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಆಸಿಡ್. ಆಳದ ಕಡೆ, ಪಂಪ್ ಓಡುತ್ತಿರುವಾಗ, ಗಾಳಿಗೆ ಬೆನ್ನು ಕೊಟ್ಟು ನಿಧಾನವಾಗಿ ಸುರಿಯಿರಿ. ಹೈಪೋ ಮತ್ತು ಆಸಿಡ್ ನಡುವೆ ಕನಿಷ್ಠ ಒಂದು ಗಂಟೆ ಅಂತರವಿರಲಿ. ಅಪರೂಪಕ್ಕೆ ಮಳೆನೀರಿನಿಂದ ಕ್ಷಾರೀಯತೆ ತೀರಾ ಇಳಿದಿದ್ದರೆ ಅಡುಗೆ ಸೋಡಾ 670 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ.

ಅಳೆಯುವ ಕೆಲಸ

ಹಳದಿ ಬಣ್ಣ ಬರುವ ಓಟಿಓ ಕಿಟ್ ಅಗ್ಗ, ಆದರೆ ಅದು ಒಟ್ಟು ಕ್ಲೋರಿನ್ ಮಾತ್ರ ತೋರಿಸುತ್ತದೆ. ಬೆವರು, ಮೂತ್ರದ ಜೊತೆ ಸೇರಿ ಕೆಲಸಕ್ಕೆ ಬಾರದ ಕ್ಲೋರಮೈನ್ ಆದದ್ದನ್ನೂ ಕ್ಲೋರಿನ್ ಎಂದೇ ಎಣಿಸುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತೆಗೆದುಕೊಳ್ಳಿ.

ನೀರು ತೆಗೆಯುವುದು ಮೊಣಕೈ ಆಳದಿಂದ, ರಿಟರ್ನ್ ನಳಿಕೆಯಿಂದ ದೂರ. ಗಾಜಿನ ಕೊಳವೆಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು 10 ಎಂಎಲ್ ಗೆರೆಗೆ ತುಂಬಿ. ಡಿಪಿಡಿ 1ನೇ ಮಾತ್ರೆಯನ್ನು ಬೆರಳು ತಾಗಿಸದೆ ಹಾಳೆಯಿಂದಲೇ ಒಳಕ್ಕೆ ಬೀಳಿಸಿ, ಕಡ್ಡಿಯಿಂದ ಪುಡಿ ಮಾಡಿ, ಒಂದು ನಿಮಿಷದೊಳಗೆ ನೆರಳಲ್ಲಿ ಬಣ್ಣ ಹೋಲಿಸಿ. ಇದು ಮುಕ್ತ ಕ್ಲೋರಿನ್. ಅದಕ್ಕೇ 3ನೇ ಮಾತ್ರೆ ಹಾಕಿ ಎರಡು ನಿಮಿಷ ಬಿಟ್ಟರೆ ಒಟ್ಟು ಕ್ಲೋರಿನ್. ಎರಡರ ವ್ಯತ್ಯಾಸ ಸಂಯುಕ್ತ ಕ್ಲೋರಿನ್. ಅದು 0.4 ದಾಟಿದರೆ ನೀರು ಕೆಲಸ ಕೇಳುತ್ತಿದೆ ಎಂದರ್ಥ. ಮೂಗಿಗೆ ಬಡಿಯುವ ವಾಸನೆ, ಕಣ್ಣುರಿ ಬರುವುದು ಇದರಿಂದಲೇ. ಕ್ಲೋರಿನ್ ಜಾಸ್ತಿಯಾಯಿತು ಎಂದು ಹಾಕುವುದನ್ನು ನಿಲ್ಲಿಸುವವರು ತಿರುವುಮುರುವು ಮಾಡುತ್ತಿರುತ್ತಾರೆ. ಅಲ್ಲಿ ಬೇಕಾದದ್ದು ಇನ್ನಷ್ಟು ಕ್ಲೋರಿನ್.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಮಾತ್ರೆ ಬಿದ್ದ ಕ್ಷಣ ಗುಲಾಬಿ ಮಿಂಚಿ ತಕ್ಷಣ ನೀರು ಬೆಳ್ಳಗಾದರೆ ಕ್ಲೋರಿನ್ ಸೊನ್ನೆ ಎಂದುಕೊಂಡು ಮತ್ತೆರಡು ಲೀಟರ್ ಹೈಪೋ ಸುರಿಯುತ್ತಾರೆ. ಅದು ಸೊನ್ನೆಯಲ್ಲ, 10 ಪಿಪಿಎಂ ಮೀರಿದ ಕ್ಲೋರಿನ್ ಬಣ್ಣವನ್ನೇ ಚಲುವೆ ಮಾಡಿರುತ್ತದೆ. ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಆರ್‌ಒ ನೀರು ಬೆರೆಸಿ ಅಳೆದು, ಬಂದದ್ದನ್ನು ಐದರಿಂದ ಗುಣಿಸಿ. ಅಷ್ಟು ಕ್ಲೋರಿನ್ ಇರುವಾಗ ಪಿಎಚ್ ಅಳೆಯುವ ಫಿನಾಲ್ ರೆಡ್ ಕೂಡ ನೇರಳೆಗೆ ತಿರುಗಿ ಸುಳ್ಳು ಹೇಳುತ್ತದೆ. ಆ ಓದನ್ನು ನಂಬಿ ಆಸಿಡ್ ಹಾಕಬೇಡಿ.

ಕ್ಲೋರಿನ್ ಮತ್ತು ಪಿಎಚ್ ಬೇಸಿಗೆಯಲ್ಲಿ ದಿನಾ, ಕ್ಷಾರೀಯತೆ ವಾರಕ್ಕೊಮ್ಮೆ, ಸಿವೈಎ ಮತ್ತು ಗಡಸುತನ ತಿಂಗಳಿಗೊಮ್ಮೆ ಅಳೆದರೆ ಸಾಕು.

ಹೈಪೋ ಹಾಕುವ ಹೊತ್ತು ಸಂಜೆ, ಬಿಸಿಲು ಇಳಿದ ಮೇಲೆ. ಸಿವೈಎ 40 ಇರುವ ಕೊಳದಲ್ಲಿ ಬೇಸಿಗೆಯ ದಿನವೊಂದಕ್ಕೆ 2ರಿಂದ 3 ಪಿಪಿಎಂ ಖರ್ಚಾಗುತ್ತದೆ, ಅಂದರೆ 800ರಿಂದ 1,200 ಎಂಎಲ್. ಮರುದಿನ ಸಂಜೆಗೆ 2 ಪಿಪಿಎಂಗಿಂತ ಕೆಳಗೆ ಇಳಿಯದಷ್ಟು ಹಾಕಿ. ರಿಟರ್ನ್ ನಳಿಕೆಯ ಮುಂದೆ ತೆಳ್ಳಗೆ ಧಾರೆ ಬಿಟ್ಟು ಪಂಪ್ ಕನಿಷ್ಠ ಅರ್ಧ ಗಂಟೆ ಓಡಿಸಿ. ದಿನಕ್ಕೆ ಒಟ್ಟು ಆರರಿಂದ ಎಂಟು ಗಂಟೆ ಪಂಪ್ ಓಡಬೇಕು. ಕರೆಂಟ್ ಬಿಟ್ಟು ಬಿಟ್ಟು ಬಂದರೂ ಪರವಾಗಿಲ್ಲ, ಒಟ್ಟು ಗಂಟೆ ಮುಖ್ಯ. ಸ್ಯಾಂಡ್ ಫಿಲ್ಟರ್‌ನ ಮೀಟರ್ ಶುಭ್ರವಾಗಿದ್ದಾಗ ತೋರಿಸುವ ಒತ್ತಡವನ್ನು ಬರೆದಿಟ್ಟು, ಅದಕ್ಕಿಂತ ಅರ್ಧ ಬಾರ್ ಏರಿದಾಗ ಮಾತ್ರ ಬ್ಯಾಕ್‌ವಾಶ್ ಮಾಡಿ. ಪ್ರತಿ ಭಾನುವಾರ ಎಂದು ವಾಡಿಕೆ ಮಾಡಿಕೊಂಡರೆ ಸುಮ್ಮನೆ ಸಲಕ್ಕೆ ಐನೂರು ಲೀಟರ್ ನೀರು ಹೋಗುತ್ತದೆ.

ನೀರು ಕೆಡುವ ಬಗೆಗಳು

ರಾತ್ರಿ ಬಿಸಿಲಿಲ್ಲ. ಆದರೂ ಕ್ಲೋರಿನ್ ಕಡಿಮೆಯಾಗುತ್ತಿದ್ದರೆ ಏನೋ ಅದನ್ನು ತಿನ್ನುತ್ತಿದೆ. ಸೂರ್ಯ ಮುಳುಗಿದ ಮೇಲೆ ಒಮ್ಮೆ, ಹುಟ್ಟುವ ಮುಂಚೆ ಒಮ್ಮೆ ಅಳೆದು ನೋಡಿ. 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ, ಕಣ್ಣಿಗೆ ಕಾಣದಿದ್ದರೂ ಪಾಚಿ ಶುರುವಾಗಿದೆ. ಆಗ ಅರೆಬರೆ ಪ್ರಮಾಣ ಹಾಕಿದರೆ ಅಷ್ಟನ್ನೂ ತಿಂದು ಪಾಚಿ ಉಳಿದುಕೊಳ್ಳುತ್ತದೆ. ಸಿವೈಎ 40 ಇದ್ದರೆ ಕ್ಲೋರಿನ್ 16 ಪಿಪಿಎಂಗೆ ಏರಿಸಬೇಕು: 2ರಲ್ಲಿದ್ದರೆ 14 ಏರಬೇಕು, ಹೈಪೋ 5.6 ಲೀಟರ್. ಪಿಎಚ್ ಮೊದಲೇ 7.2ಕ್ಕೆ ತಂದಿರಿ. ಗೋಡೆ, ಮೆಟ್ಟಿಲ ಸಂದು, ಏಣಿಯ ಹಿಂಬದಿ ಬ್ರಶ್ ಹಾಕಿ ಉಜ್ಜಿ. ಪಂಪ್ ನಿಲ್ಲಿಸದೆ, ದಿನಕ್ಕೆ ಎರಡು ಮೂರು ಸಲ ಅಳೆದು 16ಕ್ಕೆ ತುಂಬುತ್ತಿರಿ. ರಾತ್ರಿಯ ಇಳಿಕೆ 1ರೊಳಗೆ, ಸಂಯುಕ್ತ ಕ್ಲೋರಿನ್ 0.4ರೊಳಗೆ ಬಂದು, ಆಳದ ತಳದಲ್ಲಿ ಬಿದ್ದ ನಾಣ್ಯ ಸ್ಪಷ್ಟವಾಗಿ ಕಾಣುವವರೆಗೂ ನಿಲ್ಲಿಸಬಾರದು. ಕ್ಲೋರಿನ್ ಮತ್ತೆ 4ಕ್ಕೆ ಇಳಿಯುವವರೆಗೆ ಮಕ್ಕಳನ್ನು ಬಿಡಬೇಡಿ.

ಇದರ ಬದಲು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವ ಅಭ್ಯಾಸ ಅಡಿಕೆ ತೋಟದವರಲ್ಲಿದೆ, ಬೋರ್ಡೋ ದ್ರಾವಣಕ್ಕೆಂದು ಮನೆಯಲ್ಲಿ ಇದ್ದೇ ಇರುತ್ತದಲ್ಲ. ತಾಮ್ರಕ್ಕೆ ಪಾಚಿ ಸಾಯುವುದು ನಿಜ. ಆದರೆ ತಾಮ್ರ ನೀರಿನಲ್ಲೇ ಉಳಿದು ಪ್ಲಾಸ್ಟರ್ ಮೇಲೆ ನೀಲಿಬೂದು ಕಲೆಯಾಗುತ್ತದೆ, ಮನೆಯ ಹಿರಿಯರ ಬಿಳಿಕೂದಲಿಗೆ ಹಸಿರು ಛಾಯೆ ಹತ್ತುತ್ತದೆ, ರೋಗಾಣುಗಳ ಪಾಲಿಗೆ ಅದು ಕ್ಲೋರಿನ್‌ಗೆ ಬದಲಿಯೂ ಅಲ್ಲ. ಬಿಸಿ ನೀರಿನಲ್ಲಿ ಬದುಕಿ ಮೂಗಿನ ಮೂಲಕ ಮೆದುಳಿಗೆ ಹೋಗುವ ನೇಗ್ಲೇರಿಯಾದಂಥ ಜೀವಿಯಿಂದ ಮಕ್ಕಳನ್ನು ಕಾಯುವುದು ಸರಿಯಾದ ಮಟ್ಟದ ಕ್ಲೋರಿನ್. ತಿಳಿಯಾಗಿ ಕಾಣುವ ನೀರೆಲ್ಲ ಸುರಕ್ಷಿತವಲ್ಲ.

ಕ್ಲೋರಿನ್ ಹಾಕಿದ ಕೂಡಲೇ ನೀರು ಚಹಾ ಬಣ್ಣಕ್ಕೆ ತಿರುಗಿದರೆ ಅದು ಕಬ್ಬಿಣದಂಶ. ತುಂಬಿಸುವ ಮೊದಲೇ ಬಿಳಿ ಬಕೆಟ್‌ನಲ್ಲಿ ಬೋರ್ ನೀರು ಹಿಡಿದು ನಾಲ್ಕು ಹನಿ ಹೈಪೋ ಬಿಟ್ಟು ಒಂದು ಗಂಟೆ ನೋಡಿ, ಗೊತ್ತಾಗುತ್ತದೆ. ಅಂಥ ನೀರನ್ನು ಸಂಪಿನಲ್ಲೇ ಸ್ವಲ್ಪ ಕ್ಲೋರಿನ್ ಹಾಕಿ ರಾತ್ರಿ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಕೊಳಕ್ಕೆ ಹಾಯಿಸಬೇಕು.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರದವರಿಗೆ ಮಸಿಯ ಕಾಟ, ಚಿತ್ರದುರ್ಗದ ಗುಡ್ಡದ ಕಡೆಯವರಿಗೆ ಗಾಳಿ ತರುವ ಕೆಂಪು ದೂಳಿನ ಕಾಟ. ಎರಡೂ ಮೊದಲು ತೇಲುತ್ತವೆ, ಆಮೇಲೆ ಮುಳುಗುತ್ತವೆ. ಬೆಳಿಗ್ಗೆಯೇ ಬಲೆಯಲ್ಲಿ ಎತ್ತಿದರೆ ಕ್ಲೋರಿನ್ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕ್ಲೋರಿನ್ ಕಳ್ಳ ತಲೆಗೆ ಹಚ್ಚಿದ ಎಣ್ಣೆ. ಯುಗಾದಿಗೋ ದೀಪಾವಳಿಗೋ ಎಣ್ಣೆಸ್ನಾನದ ದಿನ ಮಕ್ಕಳು ಸೀಗೆಪುಡಿ ಹಾಕಿ ಪೂರ್ತಿ ತೊಳೆಯದೆ ನೇರ ಕೊಳಕ್ಕೆ ಹಾರಿದರೆ, ಸಂಜೆಗೆ ನೀರಂಚಿನ ಟೈಲ್ಸ್ ಮೇಲೆ ಜಿಡ್ಡಿನ ಗೆರೆ, ಕ್ಲೋರಿನ್ ಸೊನ್ನೆ. ಕೊಳಕ್ಕೆ ಇಳಿಯುವ ಮುನ್ನ ಒಂದು ಕೊಡ ನೀರು ಮೈಮೇಲೆ ಸುರಿದುಕೊಳ್ಳುವುದು ಎಲ್ಲ ರಾಸಾಯನಿಕಕ್ಕಿಂತ ಅಗ್ಗ. ಚಿಕ್ಕ ಮಗು ನೀರಿನಲ್ಲಿ ಗಟ್ಟಿ ಮಲ ಮಾಡಿದರೆ ಎಲ್ಲರನ್ನೂ ಮೇಲೆತ್ತಿ, ಅದನ್ನು ಬಲೆಯಲ್ಲಿ ತೆಗೆದು, ಪಿಎಚ್ 7.5ರೊಳಗೆ ಇಟ್ಟು, ಕ್ಲೋರಿನ್ ಕನಿಷ್ಠ 2 ಪಿಪಿಎಂನಲ್ಲಿ 25 ನಿಮಿಷ ಕಾಯಬೇಕು. ಭೇದಿಯಾಗಿದ್ದರೆ ಇಷ್ಟು ಸಾಲದು, ಕೊಳ ಮುಚ್ಚಿ.

ಇಡುವ ಜಾಗ

ಟಿಸಿಸಿಎ ಮತ್ತು ಹರಳಿನ ಕ್ಲೋರಿನ್ ಎರಡೂ ಕ್ಲೋರಿನ್ನೇ ತಾನೆ ಎಂದು ಒಂದೇ ಮಗ್ಗಿನಲ್ಲಿ ಮೊಗೆಯಬಾರದು. ಅವೆರಡು ಒದ್ದೆಯಲ್ಲಿ ಸೇರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಸ್ಫೋಟವೂ ಆಗಬಹುದು. ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಮಗ್ ಇಡಿ. ಹೈಪೋ ಕ್ಯಾನ್ ಪಕ್ಕ ಆಸಿಡ್ ಕ್ಯಾನ್ ಬೇಡವೇ ಬೇಡ. ಎರಡೂ ಸೋರಿ ಕೂಡಿದರೆ ಹೊರಡುವುದು ಕ್ಲೋರಿನ್ ಅನಿಲ, ಮುಚ್ಚಿದ ಪಂಪ್ ರೂಮಿನಲ್ಲಿ ಅದು ಜೀವ ತೆಗೆಯುತ್ತದೆ. ಕೆಲಸದವರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಕ್ಯಾನ್ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.

ಮಳೆನೀರು

ಬೇಸಿಗೆಯಲ್ಲಿ ದಿನಕ್ಕೆ 7 ಮಿಲಿಮೀಟರ್ ಆವಿಯಾದರೆ 24 ಅಡಿಗೆ 12 ಅಡಿಯ ಕೊಳದಿಂದ ತಿಂಗಳಿಗೆ ಸುಮಾರು 5,600 ಲೀಟರ್ ಹಾರುತ್ತದೆ. ಹಾರುವುದು ನೀರು ಮಾತ್ರ, ಸುಣ್ಣ ಕೊಳದಲ್ಲೇ ಉಳಿಯುತ್ತದೆ. 500 ಪಿಪಿಎಂ ಗಡಸುತನದ ಬೋರ್ ನೀರಿನಿಂದ ಅದನ್ನು ತುಂಬಿಸಿದರೆ ಕೊಳದ ಗಡಸುತನ ತಿಂಗಳಿಗೆ 70 ಪಿಪಿಎಂ ಏರುತ್ತದೆ. ಮೇಲೆ ಹೊದಿಕೆ ಹಾಕುವುದು, ಅದಾಗದಿದ್ದರೆ ನರ್ಸರಿಯವರ ಶೇಡ್ ನೆಟ್ ಕಟ್ಟುವುದು, ಆವಿಯನ್ನೂ ಕ್ಲೋರಿನ್ ಖರ್ಚನ್ನೂ ಒಟ್ಟಿಗೆ ತಗ್ಗಿಸುತ್ತದೆ.

ಆದರೆ ಸುಣ್ಣವನ್ನೂ ಸಿವೈಎಯನ್ನೂ ನಿಜವಾಗಿ ಇಳಿಸುವುದು ಮಳೆನೀರು. ಸಾವಿರ ಚದರ ಅಡಿ ಆರ್‌ಸಿಸಿ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸೋರಿದ್ದು ಹೋಗಿ 1,500 ಲೀಟರ್ ಮೆದುನೀರು ಸಿಗುತ್ತದೆ. ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಡುವ ವಾಲ್ವ್, ಜಲ್ಲಿ ಮರಳಿನ ಚಿಕ್ಕ ಫಿಲ್ಟರ್, ನಂತರ ಕೊಳ. ಸಿವೈಎ 100 ದಾಟಿದವರೂ ಬೇಸಿಗೆಯಲ್ಲೇ ಅವಸರಪಟ್ಟು ನೀರು ಬಿಡಬೇಡಿ. ಅಲ್ಲಿಯವರೆಗೆ ಕ್ಲೋರಿನ್ ಮಟ್ಟವನ್ನು ಸಿವೈಎಗೆ ತಕ್ಕಂತೆ ಏರಿಸಿಕೊಂಡು, ಮಾತ್ರೆ ಪೂರ್ತಿ ನಿಲ್ಲಿಸಿ, ಹೈಪೋ ಮಾತ್ರ ಬಳಸಿ. 7ರಿಂದ 8 ಪಿಪಿಎಂ ಉಳಿಸಿಕೊಳ್ಳಲಾಗದಿದ್ದರೆ ಮಳೆ ಬರುವವರೆಗೆ ಕೊಳಕ್ಕೆ ಇಳಿಯುವುದನ್ನೇ ನಿಲ್ಲಿಸಿ. ಮುಂಗಾರಿನಲ್ಲಿ ಸ್ವಲ್ಪ, ಸೆಪ್ಟೆಂಬರ್–ಅಕ್ಟೋಬರ್ ಮಳೆಯಲ್ಲಿ ಮಿಕ್ಕಿದ್ದು ಎಂದು, ಒಂದೊಂದು ಒಳ್ಳೆಯ ಮಳೆಗೆ ಮುಂಚೆ ನಾಲ್ಕೈದು ಇಂಚು ನೀರು ಇಳಿಸಿ ಜಾಗ ಮಾಡಿಡಿ. ಇಳಿಸಿದ ನೀರನ್ನು ತೆರೆದ ಗುಂಡಿಯಲ್ಲಿ ಎರಡು ದಿನ ಬಿಸಿಲಿಗೆ ಬಿಟ್ಟು, ಕಿಟ್‌ನಲ್ಲಿ ಕ್ಲೋರಿನ್ ಸೊನ್ನೆ ಕಂಡ ಮೇಲೆ ತೆಂಗಿನ ಬುಡಕ್ಕೆ ಬಿಡಬಹುದು, ತರಕಾರಿ ಮಡಿಗೆ ಬೇಡ. ಹಿಂಗಾರು ಮುಗಿದ ಮೇಲೆ ಸಿವೈಎ, ಕ್ಷಾರೀಯತೆ, ಗಡಸುತನ ಮೂರನ್ನೂ ಹೊಸದಾಗಿ ಅಳೆದು ಬರೆದಿಡಿ. ಸಿವೈಎ 40ಕ್ಕಿಂತ ಎಷ್ಟು ಕಡಿಮೆ ಬಂದಿದೆಯೋ ಅದನ್ನು 2.7ರಿಂದ ಭಾಗಿಸಿ, ಅಷ್ಟೇ ಮಾತ್ರೆ ಹೊರಗೆ ತೆಗೆಯಿರಿ.